ಗದಗ–ಹುಬ್ಬಳ್ಳಿ ದಾರಿ ಮತ್ತು 615 ವಿಕೆಟ್: ಸುನಿಲ್ ಜೋಶಿ ಅವರ ಆಟದ ಬದುಕು ಕುರಿತು ಒಂದು ಟಿಪ್ಪಣಿ

ಕ್ರಿಕೆಟಿಗ ಸುನಿಲ್ ಜೋಶಿ ಅವರ ಬಗ್ಗೆ ಬಂದ ಪರಿಚಯ ಲೇಖನಗಳಲ್ಲಿ ಒಂದು ಮಾತು ಹೆಚ್ಚುಕಡಿಮೆ ತಪ್ಪದೆ ಬರುತ್ತದೆ. ಹುಡುಗನಾಗಿದ್ದಾಗ ಅವರು ದಿನಾ ನಸುಕಿನಲ್ಲಿ ಗದಗಿನಿಂದ ನಲವತ್ತು ಮೈಲಿ ದೂರದ ಹುಬ್ಬಳ್ಳಿಗೆ ಹೋಗಿ, ಅಭ್ಯಾಸ ಮುಗಿಸಿ, ಶಾಲೆಯ ಗಂಟೆ ಹೊಡೆಯುವ ಹೊತ್ತಿಗೆ ಊರಿಗೆ ಮರಳುತ್ತಿದ್ದರು ಎಂಬುದೇ ಆ ಮಾತು. ಅದಾದ ಮೇಲೆ ಬರಹ ನೇರವಾಗಿ 1999ರ ನೈರೋಬಿ ಪಂದ್ಯಕ್ಕೆ ಹಾರುತ್ತದೆ. ನಡುವಿನ ಹದಿನೈದು ವರ್ಷಗಳ ಸುದ್ದಿಯೇ ಇರುವುದಿಲ್ಲ.

ಮೊದಲು ಆ ಮಾತನ್ನೇ ಪರಿಶೀಲಿಸೋಣ. ಗದಗಕ್ಕೂ ಹುಬ್ಬಳ್ಳಿಗೂ ನಡುವಿನ ಅಂತರ ಸುಮಾರು 58 ಕಿಲೋಮೀಟರ್, ಅಂದರೆ 36 ಮೈಲಿ. ನಲವತ್ತು ಎಂಬುದು ಯಾರೋ ದುಂಡಗೆ ಮಾಡಿದ ಸಂಖ್ಯೆ. ಹಾಗೆಂದು ಕಥೆ ಸುಳ್ಳಾಗುವುದಿಲ್ಲ, ಅದರ ಕಷ್ಟವೂ ಕಡಿಮೆಯಾಗುವುದಿಲ್ಲ. 1980ರ ದಶಕದಲ್ಲಿ ಈ ಮಾರ್ಗದ ರೈಲು ಹಳಿ ಇನ್ನೂ ಮೀಟರ್ ಗೇಜ್. ಬಸ್ಸಾಗಲಿ ರೈಲಾಗಲಿ, ಹೋಗಿಬರಲು ಎರಡೂವರೆ ಮೂರು ತಾಸು ಹಿಡಿಯುತ್ತಿತ್ತು. ಶಾಲೆಗೆ ಮುಂಚೆ ಎರಡು ತಾಸಿನ ಅಭ್ಯಾಸವೂ ಆಗಬೇಕೆಂದರೆ ಕತ್ತಲಿರುವಾಗಲೇ ಮನೆ ಬಿಡಬೇಕು. ಇಷ್ಟನ್ನು ಗಡಿಯಾರದ ಲೆಕ್ಕದಿಂದಲೇ ಹೇಳಬಹುದು.

ಇನ್ನೊಂದು ತಿದ್ದುಪಡಿ ಭೂಗೋಳದ್ದು. ಪರಿಚಯಗಳು ಅವರನ್ನು ಗದಗ ಜಿಲ್ಲೆಯವರೆಂದು ಬರೆಯುತ್ತವೆ. 1970ರ ಜೂನ್ 6ರಂದು ಸುನಿಲ್ ಬಂಡಾಚಾರ್ಯ ಜೋಶಿ ಹುಟ್ಟಿದಾಗ ಗದಗ ಧಾರವಾಡ ಜಿಲ್ಲೆಯ ಒಂದು ತಾಲ್ಲೂಕು, ರಾಜ್ಯದ ಹೆಸರು ಮೈಸೂರು. ಕರ್ನಾಟಕ ಎಂಬ ಹೆಸರು ಬಂದದ್ದು 1973ರಲ್ಲಿ, ಗದಗ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಅಷ್ಟರಲ್ಲಿ ಜೋಶಿ ಟೆಸ್ಟ್ ಆಟಗಾರರಾಗಿ ಒಂದು ವರ್ಷ ಕಳೆದಿತ್ತು. ಹಾಗಾಗಿ ಅವರು ಆಡಿ ಬೆಳೆದದ್ದು ಧಾರವಾಡ ಜಿಲ್ಲೆಯ ಹುಡುಗನಾಗಿ. ರಾಜ್ಯ ಕ್ರಿಕೆಟ್ ಸಂಸ್ಥೆಯ ವಲಯ ವ್ಯವಸ್ಥೆಯಲ್ಲಿಯೂ ಈ ಭಾಗ ಧಾರವಾಡ ವಲಯಕ್ಕೇ ಸೇರಿದ್ದು. ಆಟ ಕಲಿಯುವ ಹುಡುಗನಿಗೆ ಹುಬ್ಬಳ್ಳಿ ಪರಸ್ಥಳವಾಗಿರಲಿಲ್ಲ, ತನ್ನ ಜಿಲ್ಲೆಯ ದೊಡ್ಡ ಊರಾಗಿತ್ತು.

ಗದಗಿನ ಜೋಶಿ ಎಂದೊಡನೆ ನಮ್ಮ ಕಡೆಯವರಿಗೆ ಹಿಂದೂಸ್ತಾನಿ ಗಾಯಕ ಭೀಮಸೇನರು ನೆನಪಾಗುತ್ತಾರೆ. ಅವರೂ ಹುಡುಗನಾಗಿ ಮನೆ ಬಿಟ್ಟು, ಕೊನೆಗೆ ಹುಬ್ಬಳ್ಳಿಗೆ ಹತ್ತಿರದ ಕುಂದಗೋಳದಲ್ಲಿ ಸವಾಯಿ ಗಂಧರ್ವರಲ್ಲಿ ವಿದ್ಯೆ ಕಂಡವರು. ಈ ಎರಡು ಪಯಣಗಳನ್ನು ಒಂದೇ ದಾರಕ್ಕೆ ಪೋಣಿಸುವ ಆಸೆ ಯಾರಿಗಾದರೂ ಆದೀತು. ನಾನು ಆ ಗೋಜಿಗೆ ಹೋಗುವುದಿಲ್ಲ. ಅಲ್ಲಿ ಗುರುಮನೆ ಇತ್ತು, ವರ್ಷಗಟ್ಟಲೆ ವಾಸವಿತ್ತು. ಇಲ್ಲಿ ಇದ್ದದ್ದು ಬೆಳಗಿನ ಎರಡು ತಾಸು ಮತ್ತು ವಾಪಸು ಟಿಕೆಟು.

ಈಗ ಅಂಕಿಗಳಿಗೆ ಬರೋಣ. ಎಡಗೈ ಸ್ಪಿನ್ನರ್ ಆದ ಜೋಶಿ 1992-93ರ ಋತುವಿನಲ್ಲಿ ಕರ್ನಾಟಕದ ಪರ ರಣಜಿ ಆಟಕ್ಕೆ ಇಳಿದರು. 15 ಟೆಸ್ಟ್‌ಗಳಲ್ಲಿ 41 ವಿಕೆಟ್, 69 ಏಕದಿನ ಪಂದ್ಯಗಳಲ್ಲಿ 69 ವಿಕೆಟ್, ಪ್ರಥಮ ದರ್ಜೆಯ 160 ಪಂದ್ಯಗಳಲ್ಲಿ 615 ವಿಕೆಟ್ ಮತ್ತು ಐದು ಸಾವಿರಕ್ಕೂ ಹೆಚ್ಚು ರನ್. ಪ್ರಥಮ ದರ್ಜೆಯ ಲೆಕ್ಕದಲ್ಲಿ ಟೆಸ್ಟ್‌ಗಳೂ ಸೇರಿರುತ್ತವೆ ಎಂಬುದನ್ನು ಓದುಗರು ಮರೆಯಬಾರದು. ಆ 15 ಪಂದ್ಯಗಳನ್ನು ಕಳೆದರೆ ಉಳಿಯುವುದು 145 ಪಂದ್ಯ, 574 ವಿಕೆಟ್. ಅಂದರೆ ದೇಶವೆಲ್ಲ ಕಣ್ಣಿಟ್ಟು ನೋಡಿದ ಟೆಸ್ಟ್ ಅಂಗಳದಲ್ಲಿ ಅವರು ಪಡೆದದ್ದು ಒಟ್ಟು ಗಳಿಕೆಯಲ್ಲಿ ನೂರಕ್ಕೆ ಏಳರಷ್ಟೂ ಇಲ್ಲ. ಉಳಿದದ್ದರಲ್ಲಿ ಹೆಚ್ಚಿನದು ಬಂದದ್ದು ಗ್ಯಾಲರಿಯಲ್ಲಿ ನಾಲ್ಕು ಜನ ಕೂತಿರುವ ರಣಜಿ, ದುಲೀಪ್ ಪಂದ್ಯಗಳಲ್ಲಿ.

ಆದರೂ ಜನ ನೆನಪಿಡುವುದು ನೈರೋಬಿಯನ್ನು. 1999ರ ಸೆಪ್ಟೆಂಬರ್ 26ರಂದು ಅಲ್ಲಿನ ಜಿಮಖಾನಾ ಮೈದಾನದಲ್ಲಿ ದಕ್ಷಿಣ ಆಫ್ರಿಕದ ವಿರುದ್ಧ ಅವರ ಬೌಲಿಂಗ್ ಲೆಕ್ಕ ಹೀಗಿತ್ತು: 10 ಓವರ್, 6 ಮೇಡನ್, 6 ರನ್, 5 ವಿಕೆಟ್. ಮೇಡನ್‌ಗಳನ್ನು ಬಿಟ್ಟರೆ ಉಳಿದ ನಾಲ್ಕು ಓವರ್‌ಗಳಲ್ಲಿ, ಅಂದರೆ 24 ಎಸೆತಗಳಲ್ಲಿ, ಎದುರಾಳಿ ಗಳಿಸಿದ್ದು ಆರೇ ರನ್. ಔಟಾದವರಲ್ಲಿ ಗಿಬ್ಸ್, ಕ್ರೋನಿಯೆ, ಜಾಂಟಿ ರೋಡ್ಸ್, ಪೊಲಾಕ್ ಇದ್ದರು. ದಕ್ಷಿಣ ಆಫ್ರಿಕ 117ಕ್ಕೆ ಮುಗಿಯಿತು, ಭಾರತ ಎಂಟು ವಿಕೆಟ್‌ಗಳಿಂದ ಗೆದ್ದಿತು. ಆ ದಿನದ ಬೌಲಿಂಗ್ ನಿಜಕ್ಕೂ ಅಪೂರ್ವ, ಅದರಲ್ಲಿ ಎರಡು ಮಾತಿಲ್ಲ. ಆದರೆ ಒಂದು ಮಧ್ಯಾಹ್ನದ ಅದ್ಭುತವನ್ನೇ ಇಡೀ ಬದುಕಿನ ಅಳತೆಗೋಲು ಮಾಡಿಕೊಂಡರೆ ಅದರಾಚೆಯ 64 ಏಕದಿನ ವಿಕೆಟ್‌ಗಳೂ ರಣಜಿಯ ನೂರಾರು ವಿಕೆಟ್‌ಗಳೂ ಬರಿಯ ಅಡಿಟಿಪ್ಪಣಿಯಾಗುತ್ತವೆ.

ನನ್ನ ತೂಕದಲ್ಲಿ ನೈರೋಬಿಗಿಂತ ಢಾಕಾ ದೊಡ್ಡದು. 2000ದ ನವೆಂಬರ್ 10ರಂದು ಶುರುವಾದದ್ದು ಬಾಂಗ್ಲಾದೇಶದ ಮೊಟ್ಟಮೊದಲ ಟೆಸ್ಟ್, ಸೌರವ್ ಗಂಗೂಲಿ ನಾಯಕನಾಗಿ ಆಡಿದ ಮೊದಲ ಟೆಸ್ಟ್ ಕೂಡ. ಅಮಿನುಲ್ ಇಸ್ಲಾಂ 145 ರನ್ ಹೊಡೆದು ಬಾಂಗ್ಲಾದೇಶವನ್ನು 400ಕ್ಕೆ ಮುಟ್ಟಿಸಿದರು. ಜೋಶಿ 142 ರನ್ ಕೊಟ್ಟು ಐದು ವಿಕೆಟ್ ಕಿತ್ತರು. ಭಾರತದ ಉತ್ತರ 429. ಮುನ್ನಡೆ ಕೇವಲ 29 ರನ್‌ನದು, ಮತ್ತು ಆ 429ರಲ್ಲಿ ಜೋಶಿ ಅವರದೇ 92 ಇತ್ತು. ಆ ಇನಿಂಗ್ಸ್ ಇಲ್ಲದಿದ್ದರೆ ಹೊಸ ತಂಡವೊಂದರ ಎದುರು ಭಾರತ ಹಿನ್ನಡೆಯಲ್ಲಿ ಬೌಲಿಂಗಿಗೆ ಇಳಿಯಬೇಕಾಗುತ್ತಿತ್ತು. ಎರಡನೆಯ ಇನಿಂಗ್ಸ್‌ನಲ್ಲಿ ಬಾಂಗ್ಲಾದೇಶ 91ಕ್ಕೆ ಕುಸಿಯಿತು; ಜೋಶಿ 27ಕ್ಕೆ ಮೂರು. ಭಾರತ ಒಂಬತ್ತು ವಿಕೆಟ್‌ಗಳಿಂದ ಗೆದ್ದಿತು, ಪಂದ್ಯಶ್ರೇಷ್ಠ ಪ್ರಶಸ್ತಿ ಜೋಶಿ ಅವರಿಗೆ. ಅಂಕಪಟ್ಟಿ ನೋಡಿದವರು ಇದನ್ನು ಸುಲಭದ ಗೆಲುವೆಂದು ಭಾವಿಸುತ್ತಾರೆ. ಮುನ್ನಡೆಯ 29ರ ಮೇಲೆ ಬೆರಳಿಟ್ಟಾಗ ಚಿತ್ರ ಬದಲಾಗುತ್ತದೆ.

ಇದಾದ ಮೇಲೆ ನಡೆದದ್ದೇ ಈ ಬದುಕಿನ ಒಗಟು. ಅದೇ ತಿಂಗಳ ಕೊನೆಗೆ ಜಿಂಬಾಬ್ವೆ ವಿರುದ್ಧ ನಾಗಪುರದಲ್ಲಿ ಆಡಿದ್ದೇ ಅವರ ಕೊನೆಯ ಟೆಸ್ಟ್. 2001ರ ಫೆಬ್ರುವರಿ–ಮಾರ್ಚ್‌ನಲ್ಲಿ ಆಸ್ಟ್ರೇಲಿಯ ಬಂತು. ಭುಜದ ನೋವಿನಿಂದ ಕುಂಬ್ಳೆ ಹೊರಗಿದ್ದರು. ಹರಭಜನ್ ಸಿಂಗ್ ಮೂರು ಟೆಸ್ಟ್‌ಗಳಲ್ಲಿ 32 ವಿಕೆಟ್ ಪಡೆದ ಸರಣಿ ಅದು. ಅವರ ಜೊತೆಗೆ ಇನ್ನೊಬ್ಬ ಸ್ಪಿನ್ನರ್ ಯಾರು ಎಂಬುದಕ್ಕೆ ಮುಂಬೈಯಲ್ಲಿ ರಾಹುಲ್ ಸಾಂಘ್ವಿ, ಕೋಲ್ಕತ್ತದಲ್ಲಿ ವೆಂಕಟಪತಿ ರಾಜು, ಚೆನ್ನೈಯಲ್ಲಿ ನೀಲೇಶ್ ಕುಲಕರ್ಣಿ ಹಾಗೂ ಲೆಗ್ ಸ್ಪಿನ್ನರ್ ಸಾಯಿರಾಜ್ ಬಹುತುಲೆ ಉತ್ತರವಾದರು. ಮೂರು ಪಂದ್ಯ, ನಾಲ್ಕು ಹೆಸರು. ಅವರಲ್ಲಿ ಮೂವರು ಜೋಶಿ ಅವರಂತೆಯೇ ಎಡಗೈ ಸ್ಪಿನ್ನರ್‌ಗಳು. ನಾಲ್ಕು ತಿಂಗಳ ಹಿಂದೆ ಎಂಟು ವಿಕೆಟ್ ಕಿತ್ತು 92 ಹೊಡೆದಾತನ ಹೆಸರು ಅಲ್ಲಿಲ್ಲ. ಅದೇ ವರ್ಷ ಅವರ ಏಕದಿನ ಬದುಕೂ ಮುಗಿಯಿತು. ಆಯ್ಕೆಯ ಹಿಂದೆ ಏನಿತ್ತು ಎಂಬ ಊಹೆಗಿಂತ ಈ ಪಟ್ಟಿಯೇ ಹೆಚ್ಚು ಹೇಳುತ್ತದೆ: ಭಾರತ ಆಗ ಅದೇ ಬಗೆಯ ಬೌಲರ್‌ನನ್ನು ಹುಡುಕುತ್ತಿತ್ತು, ಪಂದ್ಯಕ್ಕೊಬ್ಬರನ್ನು ಬದಲಿಸುತ್ತ ಹುಡುಕುತ್ತಿತ್ತು.

ಕಾಲದ ದುರದೃಷ್ಟವೂ ಇತ್ತೆನ್ನಬೇಕು. ಅವರ ಮೊದಲ ಟೆಸ್ಟ್ 1996ರ ಜೂನ್ 6ರಂದು ಇಂಗ್ಲೆಂಡಿನ ಎಜ್‌ಬಾಸ್ಟನ್‌ನಲ್ಲಿ ಶುರುವಾಯಿತು. ಅಂದು ಅವರಿಗೆ ಸರಿಯಾಗಿ ಇಪ್ಪತ್ತಾರು ತುಂಬಿತ್ತು. ಆ ಭಾರತ ತಂಡದಲ್ಲಿ ಶ್ರೀನಾಥ್, ವೆಂಕಟೇಶ್ ಪ್ರಸಾದ್, ಕುಂಬ್ಳೆ, ಜೋಶಿ, ಹೀಗೆ ಕರ್ನಾಟಕದ ನಾಲ್ವರು ಬೌಲರ್‌ಗಳಿದ್ದರು. ಮುಂದಿನ ಲಾರ್ಡ್ಸ್ ಟೆಸ್ಟ್‌ನಲ್ಲಿ ಅವರಿರಲಿಲ್ಲ. ಚರಿತ್ರೆ ಆ ಪಂದ್ಯವನ್ನು ಗಂಗೂಲಿ ಮತ್ತು ದ್ರಾವಿಡ್ ಅವರ ಪದಾರ್ಪಣೆಗಾಗಿ ನೆನಪಿಟ್ಟುಕೊಂಡಿತು. ಕುಂಬ್ಳೆ ಇದ್ದ ತಂಡದಲ್ಲಿ ಎರಡನೆಯ ಸ್ಪಿನ್ನರ್‌ನ ಕುರ್ಚಿ ಯಾವತ್ತೂ ಅಲ್ಲಾಡುತ್ತಲೇ ಇತ್ತು.

ಕರ್ನಾಟಕ ತಂಡದಲ್ಲಿ ಮಾತ್ರ ಲೆಕ್ಕ ತಿರುವುಮುರುವು. ಶ್ರೀನಾಥ್, ಕುಂಬ್ಳೆ, ಪ್ರಸಾದ್ ದೇಶದ ಕೆಲಸಕ್ಕೆ ಹೋದಾಗ ರಣಜಿಯ ಭಾರ ದೊಡ್ಡ ಗಣೇಶ್, ವಿಜಯ್ ಭಾರದ್ವಾಜ್, ಜೋಶಿ ಮುಂತಾದವರ ಹೆಗಲಿಗೆ ಬೀಳುತ್ತಿತ್ತು. 1995-96ರ ರಣಜಿಯಲ್ಲಿ ಜೋಶಿ 529 ರನ್ ಗಳಿಸಿ 52 ವಿಕೆಟ್ ಪಡೆದರು. ಒಂದೇ ಋತುವಿನಲ್ಲಿ ಐನೂರು ರನ್ನು, ಐವತ್ತು ವಿಕೆಟ್ಟು ಎರಡೂ ಒದಗುವುದು ಬಲು ಅಪರೂಪ. ಆ ವರ್ಷ ಕರ್ನಾಟಕ ತಮಿಳುನಾಡನ್ನು ಮಣಿಸಿ ರಣಜಿ ಗೆದ್ದಿತು. 1997-98 ಮತ್ತು 1998-99ರಲ್ಲಿ ಮತ್ತೆ ಗೆದ್ದಿತು. ನಾಲ್ಕು ವರ್ಷಗಳಲ್ಲಿ ಮೂರು ಪ್ರಶಸ್ತಿ ಬಂದ ಈ ಕಾಲವೇ ಜೋಶಿ ಅವರ ಆಟದ ತಿರುಳು. ಅವರ ಜೀವನಚರಿತ್ರೆ ಬರೆಯುವವರು ಇಲ್ಲಿಂದ ಶುರುಮಾಡಬೇಕು.

ಸಣ್ಣ ಊರಿನ ಆಟಗಾರನ ಮೊದಲ ವರ್ಷಗಳ ದಾಖಲೆ ಹೇಗೆ ಉಳಿಯುತ್ತದೆ ಎಂಬುದರ ಹೋಲಿಕೆಗೆ ಬೇರೆ ದೇಶದ, ಬೇರೆ ಆಟದ ಒಂದು ಉದಾಹರಣೆ ಉಪಯೋಗಕ್ಕೆ ಬರುತ್ತದೆ. ಸರ್ಬಿಯದ ಬ್ಯಾಸ್ಕೆಟ್‌ಬಾಲ್ ಆಟಗಾರ ನಿಕೊಲಾ ಯೋಕಿಚ್ 1995ರಲ್ಲಿ ಹುಟ್ಟಿದ್ದು ರಾಜಧಾನಿಯಿಂದ ದೂರದ ಸೊಂಬೊರ್ ಎಂಬ ಸಣ್ಣ ಊರಿನಲ್ಲಿ. ಕಿರಿಯರ ಪಂದ್ಯಗಳಲ್ಲಿ ಅವನು ಗಳಿಸಿದ ಅಂಕಿಗಳನ್ನು ಪತ್ರಿಕೆಯಲ್ಲಿ ಓದಿದ ಏಜೆಂಟ್ ಮಿಶ್ಕೊ ರಜ್ನಾತೊವಿಚ್ ಅವನನ್ನು ಬೆಲ್‌ಗ್ರೇಡಿನ ಮೆಗಾ ಕ್ಲಬ್ಬಿಗೆ ಕರೆತಂದ. 2012ರಲ್ಲಿ ಹದಿನೇಳರ ಹುಡುಗ ವೃತ್ತಿಪರ ಕ್ಲಬ್ಬಿನವನಾಗಿದ್ದ. 2014ರಲ್ಲಿ ಅಮೆರಿಕದ ಎನ್‌ಬಿಎ ಆಯ್ಕೆಯಲ್ಲಿ ಡೆನ್ವರ್ ತಂಡ ಅವನನ್ನು 41ನೆಯವನಾಗಿ ಆರಿಸಿತು, 2015ರಲ್ಲಿ ಅವನು ಅಲ್ಲಿಗೆ ಹೋದ. ಮುಂದೆ 2021, 2022, 2024ರಲ್ಲಿ ಲೀಗಿನ ಅತ್ಯುತ್ತಮ ಆಟಗಾರನೆನಿಸಿದ, 2023ರಲ್ಲಿ ಡೆನ್ವರ್‌ಗೆ ಪಟ್ಟ ತಂದುಕೊಟ್ಟ. ಪ್ರತಿಭೆಗಳನ್ನು ತೂಗಿ ನೋಡಲು ಇದನ್ನು ಹೇಳುತ್ತಿಲ್ಲ. ಗಮನಿಸಬೇಕಾದದ್ದು ದಾಖಲೆಯನ್ನು: ಸೊಂಬೊರಿನ ಹುಡುಗನ ಕಿರಿಯ ಪಂದ್ಯಗಳ ಅಂಕಿ ರಾಜಧಾನಿಯ ಪತ್ರಿಕೆ ಓದುಗನಿಗೆ ಸಿಗುವಂತಿತ್ತು, ಅದನ್ನು ಓದಿ ಹಣ ಹೂಡುವ ಕ್ಲಬ್ಬೂ ಇತ್ತು. ನಮ್ಮಲ್ಲಿ ವಲಯ ತಂಡದಿಂದ ರಾಜ್ಯ ತಂಡಕ್ಕೆ ಏಣಿ ಇತ್ತು, ಆದರೆ ಅದರ ಕೆಳಗಿನ ಮೆಟ್ಟಿಲುಗಳ ಲೆಕ್ಕವನ್ನು ಮುದ್ರಿಸಿ ಇಡುವವರಿರಲಿಲ್ಲ. ಹಣದ ಮಾತೂ ಹಾಗೆಯೇ. ಐಪಿಎಲ್ 2008ರಲ್ಲಿ ಶುರುವಾದಾಗ ಜೋಶಿ ಮೂವತ್ತೆಂಟರ ಹೊಸ್ತಿಲಲ್ಲಿದ್ದರು. ಬೆಂಗಳೂರು ತಂಡದಲ್ಲಿ ಹೆಸರಿತ್ತು, ಆಟದ ಉತ್ತಮ ವರ್ಷಗಳು ಕಳೆದಿದ್ದವು.

ಆಟ ಬಿಟ್ಟ ಮೇಲಿನ ಬದುಕನ್ನು ಬೇಗ ಹೇಳಿ ಮುಗಿಸಬಹುದು. 2012ರಲ್ಲಿ ನಿವೃತ್ತಿ. 2014ರ ಡಿಸೆಂಬರ್‌ನಲ್ಲಿ ಜಮ್ಮು–ಕಾಶ್ಮೀರ ತಂಡ ವಾಂಖೆಡೆಯಲ್ಲೇ ಮುಂಬೈಯನ್ನು ಸೋಲಿಸಿದಾಗ ಅದರ ತರಬೇತುದಾರ ಜೋಶಿ. ಒಮಾನ್, ಬಾಂಗ್ಲಾದೇಶ, ಅಮೆರಿಕ ತಂಡಗಳ ಸ್ಪಿನ್ನರ್‌ಗಳಿಗೂ ಪಾಠ ಹೇಳಿದರು. ಒಂದು ಕಾಲದಲ್ಲಿ ಯಾರ ಎದುರು ಪಂದ್ಯಶ್ರೇಷ್ಠರಾಗಿದ್ದರೋ ಆ ಬಾಂಗ್ಲಾದೇಶವೇ 2017ರಲ್ಲಿ ಅವರನ್ನು ಸ್ಪಿನ್ ಸಲಹೆಗಾರನಾಗಿ ಕರೆಸಿಕೊಂಡಿತು. ಹೊರದೇಶದ ತರಬೇತಿಯ ಈ ಕೆಲಸಕ್ಕೂ ಸರ್ಬಿಯದ ಹೋಲಿಕೆ ಸಿಗುತ್ತದೆ: ಅದು ಬ್ಯಾಸ್ಕೆಟ್‌ಬಾಲ್ ಗುರುಗಳನ್ನು ಹೊರದೇಶಗಳಿಗೆ ಕಳಿಸುವ ದೇಶ. ಅದೇ 2017ರ ಜುಲೈಯಲ್ಲಿ ಬೆಂಗಳೂರಿನ ಕಂಠೀರವ ಒಳಾಂಗಣದಲ್ಲಿ ಭಾರತದ ಮಹಿಳೆಯರು ಕಜಾಕಸ್ತಾನವನ್ನು 75–73ರಿಂದ ಮಣಿಸಿ ಏಷ್ಯಾ ಕಪ್ ಬಿ ವಿಭಾಗ ಗೆದ್ದಾಗ ಅವರ ಕೋಚ್ ಸರ್ಬಿಯದ ಜೊರಾನ್ ವಿಸಿಚ್. ಗದಗಿನವರೊಬ್ಬರು ಇದೇ ಕೆಲಸಕ್ಕೆ ಮಸ್ಕತ್, ಢಾಕಾಗಳಿಗೆ ಹೋದದ್ದನ್ನು ನಮ್ಮ ಕ್ರೀಡಾ ಬರಹ ಅಷ್ಟಾಗಿ ಗಮನಿಸಿಲ್ಲ. 2020ರ ಮಾರ್ಚ್‌ನಲ್ಲಿ ಜೋಶಿ ರಾಷ್ಟ್ರೀಯ ಆಯ್ಕೆ ಸಮಿತಿಯ ಅಧ್ಯಕ್ಷರಾದರು; ಆ ವರ್ಷದ ಡಿಸೆಂಬರ್‌ನಲ್ಲಿ ಅಧ್ಯಕ್ಷತೆ ಚೇತನ್ ಶರ್ಮ ಅವರಿಗೆ ಹೋಯಿತು, ಜೋಶಿ ಸದಸ್ಯರಾಗಿ ಮುಂದುವರಿದರು. 2001ರ ಪಟ್ಟಿಯಲ್ಲಿ ಹೆಸರಿಲ್ಲದವರು ಪಟ್ಟಿ ಬರೆಯುವ ಕುರ್ಚಿಗೆ ಬಂದದ್ದು ಹೀಗೆ.

ಹುಬ್ಬಳ್ಳಿಯ ಆಟದ ನೆಲವೂ ಬದಲಾಗಿದೆ. ಈಗ ರಾಜನಗರದಲ್ಲಿ ರಾಜ್ಯ ಕ್ರಿಕೆಟ್ ಸಂಸ್ಥೆಯದೇ ಮೈದಾನವಿದೆ. 2013ರ ಅಕ್ಟೋಬರ್‌ನಲ್ಲಿ ವೆಸ್ಟ್ ಇಂಡೀಸ್ ‘ಎ’ ಎದುರು ಚೇತೇಶ್ವರ ಪೂಜಾರ ಅಜೇಯ 306 ಹೊಡೆದದ್ದು ಅಲ್ಲಿಯೇ. ಆ ತ್ರಿಶತಕದ ವಿವರ ಇಂದು ಯಾರಿಗೆ ಬೇಕಾದರೂ ಕ್ಷಣದಲ್ಲಿ ಸಿಗುತ್ತದೆ. ಜೋಶಿ ಅವರಂಥ ಹುಡುಗರು 1980ರ ದಶಕದಲ್ಲಿ ಹುಬ್ಬಳ್ಳಿ–ಧಾರವಾಡದಲ್ಲಿ ಆಡಿದ ಶಾಲಾ ಪಂದ್ಯ, ಕ್ಲಬ್ ಪಂದ್ಯ, ವಲಯ ಪಂದ್ಯಗಳ ಲೆಕ್ಕ ಉಳಿದಿದ್ದರೆ ಹಳೆಯ ಸ್ಕೋರ್ ಪುಸ್ತಕಗಳಲ್ಲಿ ಉಳಿದಿರಬೇಕು. ಅವು ಕ್ಲಬ್ಬುಗಳ ಕಪಾಟಿನಲ್ಲೋ, ನಿವೃತ್ತ ದೈಹಿಕ ಶಿಕ್ಷಕರ ಮನೆಯ ಅಟ್ಟದಲ್ಲೋ, ಅಂದಿನ ಅಂಪೈರುಗಳ ಟ್ರಂಕಿನಲ್ಲೋ ಇರುವಂಥವು. ಅಂಥ ಪುಸ್ತಕ ನಿಮ್ಮಲ್ಲಿದ್ದರೆ ದಯವಿಟ್ಟು ರದ್ದಿಗೆ ಹಾಕಬೇಡಿ; ಪುಟಪುಟದ ಫೋಟೊ ತೆಗೆದು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೋ ಅಲ್ಲಿನ ವಿದ್ಯಾವರ್ಧಕ ಸಂಘಕ್ಕೋ ಒಂದು ಪ್ರತಿ ಕೊಡಿ.