ಅಂದು ಹಡಗು ತಡೆದ ಅಳಿವೆ, ಇಂದು ದೋಣಿ ಕಾಯುವ ಬೆಂಗ್ರೆ

ಮಕ್ಕಳು ಮರಿಗಳೊಂದಿಗೆ ಗದ್ದಲವಿಲ್ಲದ ಕಡಲತೀರಕ್ಕೆ ಹೋಗಬೇಕೆಂದಿದ್ದರೆ ಬ್ರಹ್ಮಾವರ ತಾಲೂಕಿನ ಕೋಡಿಬೆಂಗ್ರೆ ಇದೆ. ಪಶ್ಚಿಮಕ್ಕೆ ಸಮುದ್ರ, ಪೂರ್ವಕ್ಕೆ ಹೊಳೆ, ಉತ್ತರಕ್ಕೆ ಅಳಿವೆ. ದ್ವೀಪವಲ್ಲ, ಆದರೆ ದಕ್ಷಿಣದ ರಸ್ತೆ ಬಿಟ್ಟರೆ ಸುತ್ತ ನೀರೇ.

ಸೀತಾ, ಸ್ವರ್ಣಾ ನದಿಗಳು ಕಡಲು ಸೇರುವ ಈ ಅಳಿವೆಯೇ ಒಂದು ಕಾಲಕ್ಕೆ ಬಾರ್ಕೂರಿನ ಹೆಬ್ಬಾಗಿಲು. ಬಾರ್ಕೂರು ಆಳುಪರ ರಾಜಧಾನಿ, ಮುಂದೆ ವಿಜಯನಗರದ ಪ್ರಾಂತ್ಯ ಕೇಂದ್ರ. 14ನೇ ಶತಮಾನದಲ್ಲಿ ಬಂದ ಮೊರೊಕ್ಕೊದ ಪ್ರವಾಸಿ ಇಬ್ನ್ ಬತೂತ 'ಫಾಕನೂರ್' ಎಂದು ಬರೆದದ್ದು ಈ ಊರನ್ನೇ ಎನ್ನುತ್ತಾರೆ ಇತಿಹಾಸಕಾರರು. ಇಲ್ಲಿನ ಕಬ್ಬನ್ನು ಅವನು ಹೊಗಳಿದ್ದಾನೆ. ಈ ಮಾರ್ಗವಾಗಿ ಹೋಗುವ ಹಡಗು ಲಂಗರು ಹಾಕಿ ಅರಸನಿಗೆ ಕಾಣಿಕೆ ಕೊಡಲೇಬೇಕಿತ್ತಂತೆ. ತಪ್ಪಿಸಿಕೊಂಡರೆ ಬೆನ್ನಟ್ಟಿ ಹಿಡಿದು ಇಮ್ಮಡಿ ಸುಂಕ!

ವ್ಯಾಪಾರ ಹೊಳೆ ಬಿಟ್ಟು ಹೆದ್ದಾರಿ ಹಿಡಿದ ಮೇಲೆ ಅದೇ ನೀರು ಅಡ್ಡಿಯಾಯಿತು. ಕಣ್ಣೆದುರೇ ಇರುವ ಹಂಗಾರಕಟ್ಟೆಗೆ ಹೋಗಲು ಬೆಂಗ್ರೆಯವರಿಗೆ ದೋಣಿ ಇಲ್ಲವೇ ಬಾರ್ಜ್ ಬೇಕು. ಅದಿಲ್ಲದಿದ್ದರೆ ಕೆಮ್ಮಣ್ಣು, ಕಲ್ಯಾಣಪುರ, ಬ್ರಹ್ಮಾವರ ಸುತ್ತಬೇಕು. ಅವರ ಪಂಚಾಯತ್ ಕಚೇರಿಯೂ ಆಚೆ ದಡದಲ್ಲೇ.

ನಮಗೆ ಒಂದು ದಿನ ಹಿತವೆನಿಸುವ ಈ ಏಕಾಂತ ಅವರಿಗೆ ನಿತ್ಯದ ತಾಪತ್ರಯ. ಹೋದವರು ಅಳಿವೆಯಲ್ಲಿ ಈಜಲು ಇಳಿಯಬೇಡಿ, ಸೆಳೆತ ಜೋರು. ಸಾಧ್ಯವಾದರೆ ಹೊಳೆ ದಾಟಿಯೇ ಹೋಗಿ; ಬಾರ್ಕೂರಿನ ಹಡಗುಗಳು ಬರುತ್ತಿದ್ದದ್ದು ಆ ನೀರಿನಲ್ಲೇ.