ಯಾರ ತೋಳಿನ ಕೀವು?

ಕೂಸಿಗೆ ಸಿಡುಬು ಎದ್ದರೆ ನಮ್ಮ ಕೇರಿಗಳಲ್ಲಿ ‘ಅಮ್ಮ ಬಂದವ್ಳೆ’ ಅಂತ ಬೇವಿನ ಸೊಪ್ಪು ಹಾಸಿ ಮಲಗಿಸೋರು, ಹೊರಗಿನೋರನ್ನ ಒಳಗೆ ಬಿಡ್ತಿರಲಿಲ್ಲ. ಬ್ರಿಟಿಷ್ ವೈದ್ಯರು ಇದನ್ನು ಮೌಢ್ಯವೆಂದರು. ನಮ್ಮ ಸುಧಾರಕರೂ ಅದನ್ನೇ ಉರು ಹೊಡೆದರು. ಬಂದ ಸಿಡುಬಿಗೆ ಆ ವೈದ್ಯರ ಹತ್ತಿರವಾದರೂ ಔಷಧಿ ಎಲ್ಲಿತ್ತು? ಇದ್ದದ್ದು ಬಾರದಂತೆ ತಡೆಯುವ ದಾಕು.

ಆ ದಾಕು ಬಂದ ದಾರಿ ನೋಡಿ. 1802ರ ಜೂನ್ 14ರಂದು ಮುಂಬಯಿಯಲ್ಲಿ ಮೂರು ವರ್ಷದ ಅನ್ನಾ ಡಸ್ಟ್‌ಹಾಲ್ ಎಂಬ ಹುಡುಗಿಗೆ ಹಾಕಿದ್ದೇ ಭಾರತದಲ್ಲಿ ಮೊದಲು ಫಲಿಸಿದ ದಾಕು. ಆಗ ಮಗುವಿನ ತೋಳಿನಲ್ಲೆದ್ದ ಗುಳ್ಳೆಯನ್ನು ಎಂಟನೇ ದಿನ ಚುಚ್ಚಿ, ಕೀವು ತೆಗೆದು ಇನ್ನೊಂದು ಮಗುವಿನ ತೋಳಿಗೆ ಹಾಕಬೇಕಿತ್ತು. ಹೀಗೆ ಗುಳ್ಳೆ ಹೊತ್ತು ಊರೂರು ತಿರುಗಿದವರು ಹೆಚ್ಚಾಗಿ ಬಡವರ, ಕೆಳಜಾತಿಗಳ ಮಕ್ಕಳು. ಒಲ್ಲೆ ಎನ್ನುವ ಶಕ್ತಿ ಅವರ ತಾಯಂದಿರಿಗೆಲ್ಲಿ?

ಮೇಲ್ಜಾತಿಯವರೂ ದಾಕು ಒಲ್ಲೆ ಎಂದರು: ಅಸ್ಪೃಶ್ಯರ ಮಗುವಿನ ಕೀವು ತಮ್ಮ ಮಗುವಿನ ಮೈಗೆ ಸೇರಬಾರದು, ಮೈಲಿಗೆ. ಇದನ್ನು ಮಾತ್ರ ನಮ್ಮ ಸುಧಾರಕರು ಮೌಢ್ಯವೆನ್ನದೆ ಆಚಾರ ಎಂದು ಮೆಲ್ಲಗೆ ದಾಟಿಸಿಬಿಡುತ್ತಾರೆ. ಹತ್ತೊಂಬತ್ತನೇ ಶತಮಾನದ ಕೊನೆಗೆ ಕರುವಿನ ಮೈಯಲ್ಲಿ ಬೆಳೆಸಿದ ದಾಕು ಬಂದ ಮೇಲೆ ಈ ತಕರಾರಿಗೆ ನೆಪ ತಪ್ಪಿತು. (ಗೋವಿಗೆ ಹಿಂಸೆಯೆಂದು ಅದಕ್ಕೂ ಅಡ್ಡಬಂದವರಿದ್ದರು, ತೋಳು ಕೊಟ್ಟ ಮಕ್ಕಳ ನೋವಿಗೆ ಆ ಕರುಣೆ ಇರಲಿಲ್ಲ.) ಅನ್ನಾಳ ಹೆಸರು ಚರಿತ್ರೆಯಲ್ಲಿದೆ. ಆ ಮಕ್ಕಳ ಹೆಸರುಗಳನ್ನು ಯಾರೂ ಬರೆದುಕೊಳ್ಳಲಿಲ್ಲ.