ಒಂದೇ ಜನಗಣತಿ, ನಾಲ್ಕು ನಕ್ಷೆ: ಬೆಂಗಳೂರಿನ ವಾರ್ಡ್ ಗಡಿಗಳ ಇತಿಹಾಸದಲ್ಲಿ 2020ರ ಅಧಿಸೂಚನೆ

ಬೆಂಗಳೂರಿನ ನಗರಾಡಳಿತದ ಬಗ್ಗೆ ಬರೆಯುವವರೆಲ್ಲ ಬಳಸುವ ಒಂದು ಕೋಷ್ಟಕವಿದೆ. ನಗರ ಮತ್ತು ದಂಡು ಪ್ರದೇಶದ ಎರಡು ಪುರಸಭೆಗಳು ಕೂಡಿ ಕಾರ್ಪೊರೇಷನ್ ಆದ 1949ಕ್ಕೆ 50, 1989ಕ್ಕೆ 87, 1995ಕ್ಕೆ 100, ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಗೆ ಮೊದಲ ಚುನಾವಣೆ ನಡೆದ 2010ಕ್ಕೆ 198, 2022ಕ್ಕೆ 243, 2023ಕ್ಕೆ 225, ಐದು ಪಾಲಿಕೆಗಳಾಗಿ ಒಡೆದ 2025ಕ್ಕೆ 369. ಅದರ ಕೆಳಗಿನ ವ್ಯಾಖ್ಯಾನವೂ ಹೆಚ್ಚುಕಡಿಮೆ ಒಂದೇ: ಜನ ಹೆಚ್ಚಿದರು, ಹಾಗಾಗಿ ವಾರ್ಡ್‌ಗಳೂ ಹೆಚ್ಚಿದವು. ಈ ವ್ಯಾಖ್ಯಾನ 2010ರವರೆಗೆ ಹೇಗೋ ನಿಲ್ಲುತ್ತದೆ. ಆಮೇಲೆ ನಿಲ್ಲುವುದಿಲ್ಲ ಎಂಬುದು ನನ್ನ ವಾದ. ಅದಕ್ಕೆ ಸಾಕ್ಷಿ ಆ ಕೋಷ್ಟಕದಲ್ಲಿ ಜಾಗವೇ ಸಿಗದ ಒಂದು ದಾಖಲೆ: 2020ರ ಜೂನ್ 23ರಂದು ರಾಜ್ಯ ಸರ್ಕಾರ ಹೊರಡಿಸಿದ ವಾರ್ಡ್ ಪುನರ್‌ವಿಂಗಡಣೆಯ ಅಧಿಸೂಚನೆ.

ಅದಕ್ಕೆ ಜಾಗ ಸಿಗದಿರುವ ಕಾರಣ ಸರಳ. 198 ಇದ್ದದ್ದು 198 ಆಗಿಯೇ ಉಳಿಯಿತು. ಸಂಖ್ಯೆಯನ್ನಷ್ಟೇ ನೋಡುವವರಿಗೆ ಅಲ್ಲಿ ಏನೂ ನಡೆದಿಲ್ಲ. ಆದರೆ ಒಳಗಿನ ಗೆರೆಗಳು ಬದಲಾಗಿದ್ದವು. 2001ರ ಜನಗಣತಿಯನ್ನು ಆಧರಿಸಿ 2009ರಲ್ಲಿ ಎಳೆದ ಗಡಿಗಳನ್ನು 2011ರ ಅಂಕಿಗಳಿಗೆ ಹೊಂದಿಸುವುದು ಆ ಅಧಿಸೂಚನೆಯ ಕೆಲಸ. ಆ ಗೆರೆಗಳ ಮೇಲೆ ಒಂದೇ ಒಂದು ಚುನಾವಣೆಯೂ ನಡೆಯಲಿಲ್ಲವಾದ್ದರಿಂದ ಅದನ್ನು ಹುಟ್ಟುವ ಮೊದಲೇ ಸತ್ತ ದಾಖಲೆ ಎಂದು ಬದಿಗೆ ಸರಿಸುವುದು ರೂಢಿಯಾಗಿದೆ. ಇತಿಹಾಸಕಾರನಿಗೆ ಇದಕ್ಕಿಂತ ಕೆಟ್ಟ ರೂಢಿ ಇನ್ನೊಂದಿಲ್ಲ. ಜಾರಿಗೆ ಬಾರದ ಆದೇಶವೂ ಅದನ್ನು ಯಾರು ಬೇಡವೆಂದರು, ಏಕೆ ಬೇಡವೆಂದರು ಎಂಬುದನ್ನು ಹೇಳುತ್ತದೆ; ಜಾರಿಗೆ ಬಂದದ್ದು ಅಷ್ಟು ಸ್ಪಷ್ಟವಾಗಿ ಹೇಳುವುದು ಅಪರೂಪ.

(ಕೋಷ್ಟಕದ ದೋಷ ಮೊದಲ ಸಾಲಿನಿಂದಲೇ ಶುರುವಾಗುತ್ತದೆ. 1949ರ ಕಾರ್ಪೊರೇಷನ್ನಿನಲ್ಲಿ ಚುನಾವಣಾ ವಿಭಾಗಗಳು 50, ಸದಸ್ಯರು 70. ಮುಂದಿನ ಸಾಲುಗಳಲ್ಲಿ ವಾರ್ಡಿಗೊಬ್ಬ ಸದಸ್ಯ. ಒಂದಕ್ಕೊಂದು ಹೋಲದ ಘಟಕಗಳನ್ನು ಒಂದೇ ಕಂಬಸಾಲಿನಲ್ಲಿಟ್ಟು ಏರುಗತಿ ತೋರಿಸುವುದು ಸಂಶೋಧನೆಯಲ್ಲ.)

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಸಂವಿಧಾನದ ನಗರಸಭೆಗಳ ಭಾಗದಲ್ಲಿ, 243ಪಿ ವಿಧಿಯಲ್ಲಿ, ಜನಸಂಖ್ಯೆ ಎಂದರೆ ಪ್ರಕಟಿತ ಅಂಕಿಗಳಿರುವ ಕಡೆಯ ಜನಗಣತಿಯ ಜನಸಂಖ್ಯೆ ಎಂದಿದೆ. 2021ರ ಜನಗಣತಿ ನಡೆಯಲೇ ಇಲ್ಲ. ಹಾಗಾಗಿ 2020, 2022, 2023, 2025ರ ನಾಲ್ಕೂ ಪುನರ್‌ವಿಂಗಡಣೆಗಳ ಕೈಯಲ್ಲಿದ್ದದ್ದು 2011ರ ಒಂದೇ ಮೊತ್ತ, 84,43,675. ಒಂದನೇ ನಕ್ಷೆಗೂ ನಾಲ್ಕನೆಯದಕ್ಕೂ ನಡುವೆ ಲೆಕ್ಕದ ಪುಸ್ತಕದಲ್ಲಿ ಒಬ್ಬ ವ್ಯಕ್ತಿಯೂ ಹೆಚ್ಚಲಿಲ್ಲ, ಕಡಿಮೆಯಾಗಲಿಲ್ಲ. ವಾರ್ಡಿನ ಸರಾಸರಿ ಜನಸಂಖ್ಯೆ ಮಾತ್ರ ಸುಮಾರು 42,645 ಇದ್ದದ್ದು 34,748ಕ್ಕೆ ಇಳಿಯಿತು, 37,527ಕ್ಕೆ ಏರಿತು, ಕೊನೆಗೆ 22,883ಕ್ಕೆ ಬಂತು. ನಗರದ ಬೆಳವಣಿಗೆ ಇದಕ್ಕೆ ಕಾರಣವೆನ್ನುವವರು ಬೆಳವಣಿಗೆಯನ್ನು ಯಾವ ಅಂಕಿಯಲ್ಲಿ ಕಂಡರು ಎಂದು ತಿಳಿಸಬೇಕು. ರಸ್ತೆಯಲ್ಲಿ, ನೀರಿನ ಟ್ಯಾಂಕರಿನ ಸಾಲಿನಲ್ಲಿ ನಾವೆಲ್ಲರೂ ಅದನ್ನು ಕಾಣುತ್ತೇವೆ, ನಿಜ. ಆದರೆ ಗಡಿ ಎಳೆದವರು ಅದನ್ನು ಕಾಣುವಂತಿರಲಿಲ್ಲ. ಕಾನೂನು ಅವರ ಕೈಕಟ್ಟಿತ್ತು.

ಬೆಳವಣಿಗೆ ಕಾರಣವಲ್ಲದಿದ್ದರೆ ಸಮಾನತೆಯಾದರೂ ಕಾರಣವಿರಬಹುದೇ? ಹೊರವಲಯದ ವಾರ್ಡ್‌ಗಳು ವಿಪರೀತ ಹಿಗ್ಗಿದ್ದವು, ಅದನ್ನು ಸರಿಪಡಿಸಲು ಸಂಖ್ಯೆ ಹೆಚ್ಚಿಸಲೇಬೇಕಾಯಿತು ಎಂಬ ವಾದವನ್ನು ಗಂಭೀರ ಬರಹಗಾರರೂ ಒಪ್ಪಿದ್ದಾರೆ. ಹಿಗ್ಗಿದ್ದು ಸತ್ಯ. 2007ರಲ್ಲಿ ಏಳು ನಗರಸಭೆ, ಕೆಂಗೇರಿ ಪುರಸಭೆ ಮತ್ತು ನೂರಕ್ಕೂ ಹೆಚ್ಚು ಹಳ್ಳಿಗಳನ್ನು ಪಾಲಿಕೆಗೆ ಸೇರಿಸಿದಾಗ ಹೊರವಲಯದ ಜನಸಂಖ್ಯೆಯೆಂದು ಹಿಡಿದದ್ದು 2001ರ ಅಂಕಿ. 2011ರ ಗಣತಿಯಲ್ಲಿ ಹೊರಮಾವು ವಾರ್ಡಿನಲ್ಲಿ 95 ಸಾವಿರಕ್ಕೂ ಹೆಚ್ಚು ಜನ, ಥಣಿಸಂದ್ರ ಮತ್ತು ಬ್ಯಾಟರಾಯನಪುರದಲ್ಲಿ ತಲಾ ಸುಮಾರು 72 ಸಾವಿರ. ಅದೇ ಹೊತ್ತಿಗೆ ಹಳೆಯ ನಗರದ ಅನೇಕ ವಾರ್ಡ್‌ಗಳು 30–40 ಸಾವಿರದ ಆಸುಪಾಸಿನಲ್ಲಿದ್ದವು. ಹೊರಮಾವಿನ ಮತದಾರನ ಮತಕ್ಕೆ ಪೇಟೆಯ ಮತದಾರನ ಮತದ ಅರ್ಧದಷ್ಟೂ ತೂಕವಿಲ್ಲದ ಸ್ಥಿತಿ ಅದು. ಅನ್ಯಾಯವೇ ಸರಿ. ಆ ಗಡಿಗಳ ಮೇಲೆಯೇ 2015ರ ಆಗಸ್ಟಿನಲ್ಲಿ ಎರಡನೇ ಚುನಾವಣೆಯೂ ನಡೆಯಿತು.

ಆದರೆ ಈ ಅನ್ಯಾಯಕ್ಕೆ ಸಂಖ್ಯೆ ಹೆಚ್ಚಿಸುವುದು ಪರಿಹಾರವಲ್ಲ. ಇಡೀ ಪಾಲಿಕೆಯ ಜನಸಂಖ್ಯೆಯಲ್ಲಿ ಹೊರಮಾವಿನ ಪಾಲು ಶೇಕಡಾ 1.13. ವಾರ್ಡ್‌ಗಳು 198 ಇರಲಿ, 369 ಇರಲಿ, ಗಡಿಯನ್ನು ಪ್ರಾಮಾಣಿಕವಾಗಿ ಎಳೆದರೆ ಒಟ್ಟು ಸ್ಥಾನಗಳಲ್ಲಿ ಅದಕ್ಕೆ ಸಿಗುವ ಪಾಲು ಅಷ್ಟೇ: 198ರಲ್ಲಿ ಎರಡೂಕಾಲು, 243ರಲ್ಲಿ ಎರಡೂಮುಕ್ಕಾಲು, 369ರಲ್ಲಿ ನಾಲ್ಕು ಚಿಲ್ಲರೆ. ಮತದ ತೂಕವನ್ನು ಸರಿಮಾಡುವುದು ಗೆರೆ, ಸ್ಥಾನಗಳ ಸಂಖ್ಯೆಯಲ್ಲ. ಹಾಗಿದ್ದರೆ ಸಂಖ್ಯೆ ಬದಲಾದಾಗ ಬದಲಾಗುವುದೇನು? ಹಳೆಯ ನಗರದ ಕಡೆಯಿಂದ ನೋಡಿದರೆ ಅದು ಗೊತ್ತಾಗುತ್ತದೆ. ತಲಾ 35 ಸಾವಿರ ಜನರಿರುವ ಆರು ವಾರ್ಡ್‌ಗಳು ಅಕ್ಕಪಕ್ಕದಲ್ಲಿವೆ ಎಂದುಕೊಳ್ಳೋಣ. ಒಟ್ಟು 2,10,000. ಸಂಖ್ಯೆಯನ್ನು 198ರಲ್ಲೇ ನಿಲ್ಲಿಸಿ 2011ರ ಅಂಕಿಗಳನ್ನು ಪಾಲಿಸಿದರೆ ಈ ಜನರಿಗೆ ಸಲ್ಲುವುದು ಐದೇ ವಾರ್ಡ್. ಆರರಲ್ಲಿ ಒಂದು ಅಳಿಯಬೇಕು. 243ಕ್ಕೆ ಏರಿಸಿದರೆ ಆರೂ ಉಳಿಯುತ್ತವೆ. 225ಕ್ಕೆ ಇಳಿಸಿದರೆ ಐದು ಮತ್ತು ಆರರ ನಡುವೆ ಎಳೆದಾಟ. 369ರಲ್ಲಿ ಅವೇ ಒಂಬತ್ತಾಗುತ್ತವೆ. ಹೊರವಲಯಕ್ಕೆ ಸಿಗುವ ಪಾಲು ನಾಲ್ಕೂ ಸಲ ಒಂದೇ. ಒಳನಗರದಲ್ಲಿ ಯಾರಾದರೂ ಸ್ಥಾನ ಕಳೆದುಕೊಳ್ಳಬೇಕೇ ಎಂಬುದಷ್ಟೇ ಬೇರೆ. 198ನ್ನು ಹಾಗೆಯೇ ಇಟ್ಟುಕೊಂಡ 2020ರ ಅಧಿಸೂಚನೆ ಈ ಪ್ರಶ್ನೆಯನ್ನು ತಪ್ಪಿಸಿಕೊಳ್ಳುವಂತಿರಲಿಲ್ಲ. ಒಂದು ಕಡೆ ಕೂಡಿಸಿದ್ದನ್ನು ಇನ್ನೊಂದು ಕಡೆ ಕಳೆಯಲೇಬೇಕು. ಅದು ಇದನ್ನು ಎಷ್ಟು ನಿಷ್ಠೆಯಿಂದ ಮಾಡಿತೆಂಬುದು ವಾರ್ಡ್‌ವಾರು ಪರೀಕ್ಷೆಯ ವಿಷಯ, ಅದನ್ನು ಇಲ್ಲಿ ಎತ್ತಿಕೊಂಡಿಲ್ಲ. ನನ್ನ ವಾದಕ್ಕೆ ಬೇಕಾದದ್ದು ಇಷ್ಟು: ಸೋಲುವವರು ಇದ್ದೇ ಇರುವ ಏಕೈಕ ನಕ್ಷೆ ಅದು, ಚುನಾವಣೆ ಕಾಣದೆ ಉಳಿದವುಗಳಲ್ಲಿ ಮೊದಲನೆಯದೂ ಅದೇ.

ಇದಕ್ಕೆ ಎದುರಾಗಿ ಬರುವ ಉತ್ತರ ನನಗೆ ಗೊತ್ತಿದೆ. ಬಿಬಿಎಂಪಿಗೆ ಪ್ರತ್ಯೇಕ ಕಾಯ್ದೆ ಬಂತು, ಅದರಿಂದ ಹಳೆಯ ಅಧಿಸೂಚನೆ ತಾನಾಗಿ ಅಪ್ರಸ್ತುತವಾಯಿತು, ಅದರಲ್ಲಿ ರಾಜಕೀಯ ಹುಡುಕುವುದು ಅತಿರೇಕ ಎನ್ನುತ್ತಾರೆ. ಹೀಗೆನ್ನುವವರು ದಿನಾಂಕಗಳನ್ನು ಒಂದರ ಕೆಳಗೊಂದು ಬರೆದು ನೋಡಿಲ್ಲ. ಅಧಿಸೂಚನೆ ಜೂನ್ 23ರದು. ಪಾಲಿಕೆಯ ಅವಧಿ ಮುಗಿದದ್ದು ಸೆಪ್ಟೆಂಬರ್ 10ರಂದು. ಅದೇ 198 ವಾರ್ಡ್‌ಗಳ ಮೀಸಲಾತಿಯ ಕರಡು ಪಟ್ಟಿ ಸೆಪ್ಟೆಂಬರ್ 14ರಂದು ಹೊರಬಿತ್ತು. ಅಂದರೆ ಅಲ್ಲಿಯವರೆಗೂ ಸರ್ಕಾರ ಆ ಗೆರೆಗಳ ಮೇಲೆಯೇ ಹೆಜ್ಜೆ ಇಡುತ್ತಿತ್ತು. ವಾರ್ಡ್‌ಗಳ ಗರಿಷ್ಠ ಮಿತಿಯನ್ನು 200ರಿಂದ 250ಕ್ಕೆ ಏರಿಸಿದ ಕರ್ನಾಟಕ ಪೌರ ನಿಗಮಗಳ ಕಾಯ್ದೆಯ ತಿದ್ದುಪಡಿ ಬಂದದ್ದು ಅಕ್ಟೋಬರಿನಲ್ಲಿ. ಪ್ರತ್ಯೇಕ ಕಾಯ್ದೆ ಜಾರಿಗೆ ಬಂದದ್ದು ಇನ್ನೂ ಆಮೇಲೆ, 2021ರ ಜನವರಿ 11ರಂದು. ಗಡಿ ಮುಗಿದಿತ್ತು, ಮೀಸಲಾತಿ ಪಟ್ಟಿ ಕರಡಿನ ಹಂತ ತಲುಪಿತ್ತು, ಆಗ ಸಂಖ್ಯೆಯನ್ನೇ ಬದಲಿಸಲಾಯಿತು. ಕಾಯ್ದೆಯಿಂದಾಗಿ ನಕ್ಷೆ ಬಿದ್ದುಹೋಯಿತು ಎನ್ನುವುದಕ್ಕಿಂತ, ನಕ್ಷೆಯಿಂದಾಗಿ ಕಾಯ್ದೆಯ ಮಿತಿ ಏರಿತು ಎಂಬ ಓದಿಗೆ ಈ ಕಾಲಾನುಕ್ರಮ ಹೆಚ್ಚು ಒಗ್ಗುತ್ತದೆ. ಉದ್ದೇಶವನ್ನು ದಿನಾಂಕಗಳಿಂದಷ್ಟೇ ಸಾಬೀತು ಮಾಡಲಾಗದೆಂಬುದನ್ನು ಒಪ್ಪುತ್ತೇನೆ. ಆದರೆ ಎದುರು ವಾದಕ್ಕೆ ದಿನಾಂಕಗಳ ಬೆಂಬಲವೂ ಇಲ್ಲ.

ಹೈಕೋರ್ಟ್ ಆ ನಕ್ಷೆಯನ್ನು ಸತ್ತದ್ದೆಂದು ತಿಳಿಯಲಿಲ್ಲ. 2020ರ ಡಿಸೆಂಬರ್ 4ರ ತೀರ್ಪಿನಲ್ಲಿ ಮುಖ್ಯ ನ್ಯಾಯಮೂರ್ತಿ ಅಭಯ್ ಓಕಾ ಅವರಿದ್ದ ಪೀಠ ತಿದ್ದುಪಡಿಯ ಸಿಂಧುತ್ವವನ್ನು ಎತ್ತಿಹಿಡಿಯಿತು, ಆದರೆ ಅದು ಈ ಚುನಾವಣೆಗೆ ಅನ್ವಯಿಸದು ಎಂದು ಹೇಳಿ, ಜೂನ್ 23ರ ಗಡಿಗಳ ಮೇಲೆ 198 ವಾರ್ಡ್‌ಗಳಿಗೆ ಚುನಾವಣೆ ನಡೆಸಲು ಆದೇಶಿಸಿತು. ಐದು ವರ್ಷ ಮುಗಿಯುವ ಮೊದಲೇ ಚುನಾವಣೆ ನಡೆಯಬೇಕೆಂಬ 243ಯು ವಿಧಿಯೂ, ವಾರ್ಡ್ ವಿಂಗಡಣೆ ವಿಳಂಬಕ್ಕೆ ನೆಪವಾಗಬಾರದೆಂದ ಕಿಶನ್‌ಸಿಂಗ್ ತೋಮರ್ ಪ್ರಕರಣದ 2006ರ ಸುಪ್ರೀಂ ಕೋರ್ಟ್ ತೀರ್ಪೂ ಅದರ ಹಿನ್ನೆಲೆಯಲ್ಲಿದ್ದವು. ಹದಿನಾಲ್ಕೇ ದಿನಗಳಲ್ಲಿ, ಡಿಸೆಂಬರ್ 18ರಂದು, ಸುಪ್ರೀಂ ಕೋರ್ಟ್ ಇದಕ್ಕೆ ತಡೆ ನೀಡಿತು. ಅದೇ ಸುಪ್ರೀಂ ಕೋರ್ಟ್ 2022ರ ಮೇ ತಿಂಗಳಲ್ಲಿ ಎಂಟು ವಾರಗಳ ಗಡುವು ಕೊಟ್ಟ ಮೇಲೆ ಜೂನ್ 23ಕ್ಕೆ 243 ವಾರ್ಡ್‌ಗಳ ಕರಡು, ಜುಲೈ 14ಕ್ಕೆ ಅಂತಿಮ ಪಟ್ಟಿ ಬಂದವು. 2023ರ ಮೇನಲ್ಲಿ ಸರ್ಕಾರ ಬದಲಾಯಿತು. ಸೆಪ್ಟೆಂಬರಿನಲ್ಲಿ ವಾರ್ಡ್‌ಗಳು 225 ಆದವು.

ನ್ಯಾಯಾಲಯದ ದಾಖಲೆಗಳನ್ನೇ ನೆಚ್ಚಿ ಈ ಇತಿಹಾಸ ಬರೆದವರು ಗೆರೆಗಳನ್ನು ಕಾಣದಿರಲು ಒಂದು ಕಾರಣವಿದೆ, ಅದನ್ನು ಅವರ ಪರವಾಗಿಯೇ ಹೇಳಬೇಕು. 243ಝಡ್‌ಜಿ ವಿಧಿಯ ಪ್ರಕಾರ ಕ್ಷೇತ್ರ ವಿಂಗಡಣೆಯ ಕಾನೂನನ್ನು ನ್ಯಾಯಾಲಯದಲ್ಲಿ ಪ್ರಶ್ನಿಸುವಂತಿಲ್ಲ. ಹಾಗಾಗಿ ಕೋರ್ಟಿನ ವಾದವೆಲ್ಲ ಯಾವಾಗ ಮತ್ತು ಎಷ್ಟು ಎಂಬುದರ ಸುತ್ತ ಬೆಳೆಯಿತು. ಎಲ್ಲಿ ಎಂಬ ಪ್ರಶ್ನೆ ರಾಜ್ಯಪತ್ರದ ಅನುಸೂಚಿಯಲ್ಲೇ ಉಳಿಯಿತು. ಅಲ್ಲಿ ಪ್ರತಿ ವಾರ್ಡಿಗೂ ಜನಸಂಖ್ಯೆ, ಪರಿಶಿಷ್ಟರ ಸಂಖ್ಯೆ, ಆಮೇಲೆ ಜಮೀನಿನ ಪತ್ರಗಳಲ್ಲಿರುವಂತೆ ಉತ್ತರ, ಪೂರ್ವ, ದಕ್ಷಿಣ, ಪಶ್ಚಿಮಗಳ ಚಕ್ಕುಬಂದಿ: ಇಂಥ ಅಡ್ಡರಸ್ತೆ, ಇಂಥ ರಾಜಕಾಲುವೆ, ಇಂಥ ರೈಲು ಹಳಿ. ಈ ಅನುಸೂಚಿಗಳನ್ನು ಸಾಲುಸಾಲಾಗಿ ಓದುವ ಹಳೆಯ ಶಿಸ್ತಿನ ಪಕ್ಷ ನನ್ನದು. ತೀರ್ಪಿನ ಸಾರಾಂಶ ಓದಿ ನಗರದ ಇತಿಹಾಸ ಬರೆಯಬಹುದೆಂಬ ಈಚಿನ ಅವಸರವನ್ನು ಒಪ್ಪಲಾರೆ. ಜಾನಕಿ ನಾಯರ್ ಅವರ 2005ರ ಬೆಂಗಳೂರು ಕೃತಿಯನ್ನು ವಾರ್ಡ್ ವಿಸ್ತರಣೆಯ ವಾದಕ್ಕೆ ಆಧಾರವಾಗಿ ಎಳೆದು ತರುವವರಿಗೂ ಇದೇ ಮಾತು. ಬಿಬಿಎಂಪಿ ಹುಟ್ಟುವ ಮೊದಲೇ ಬಂದ ಆ ಶ್ರೇಷ್ಠ ಗ್ರಂಥದ ಮೇಲೆ ಅದು ಹೇಳದ ಮಾತಿನ ಹೊರೆ ಹೊರಿಸುವುದು ಅನುಚಿತ.

ಗಡಿ ಎಳೆಯುವ ಕೈ ಯಾರದೆಂಬುದೂ ಇಲ್ಲಿ ಪ್ರಸ್ತುತ. ವಿಧಾನಸಭಾ ಕ್ಷೇತ್ರಗಳ ಈಗಿನ ಗಡಿಗಳನ್ನು 2001ರ ಜನಗಣತಿಯ ಮೇಲೆ ಗೊತ್ತುಮಾಡಿದ ಆಯೋಗಕ್ಕೆ ಸುಪ್ರೀಂ ಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕುಲದೀಪ್ ಸಿಂಗ್ ಅಧ್ಯಕ್ಷರಾಗಿದ್ದರು. ಕೇರಳದಲ್ಲಿ ಸ್ಥಳೀಯ ಸಂಸ್ಥೆಗಳ ವಾರ್ಡ್ ವಿಂಗಡಣೆಯ ಆಯೋಗಕ್ಕೆ ರಾಜ್ಯ ಚುನಾವಣಾ ಆಯುಕ್ತರೇ ಅಧ್ಯಕ್ಷರು. ಬೆಂಗಳೂರಿನಲ್ಲಿ 2022, 2023, 2025ರ ಮೂರೂ ಸಲ ಅಧ್ಯಕ್ಷತೆ ಸರ್ಕಾರವೇ ನೇಮಿಸುವ ಮುಖ್ಯ ಆಯುಕ್ತರದು. ಆ ಅಧಿಕಾರಿಗಳ ಪ್ರಾಮಾಣಿಕತೆಯ ಪ್ರಶ್ನೆ ಇದಲ್ಲ. ಎಷ್ಟು ವಾರ್ಡ್ ಎಂಬುದು ಮೇಲಿನಿಂದ ತೀರ್ಮಾನವಾಗಿ ಬರುತ್ತದೆ, ವಾರ್ಡ್ ಒಂದೇ ವಿಧಾನಸಭಾ ಕ್ಷೇತ್ರದೊಳಗೆ ಇರಬೇಕೆಂಬ ಕಟ್ಟೂ ಇರುತ್ತದೆ. ಆಯೋಗಕ್ಕೆ ಉಳಿಯುವುದು ಆರೇಳು ನೂರು ಜನರ ಗಣತಿ ಬ್ಲಾಕ್‌ಗಳನ್ನು ಅತ್ತಿತ್ತ ಜೋಡಿಸುವ ಕೆಲಸ. ಹಾಗೆ 2001ರ ಅಂಕಿಗಳಿಂದ ಹುಟ್ಟಿದ ವಿಧಾನಸಭಾ ಗಡಿಯೊಳಗೆ 2011ರ ಅಂಕಿಗಳ ವಾರ್ಡುಗಳು ಕೂರಬೇಕಾಗುತ್ತದೆ. ಯಾವ ಶಾಸಕರ ಕ್ಷೇತ್ರಕ್ಕೆ ಎಷ್ಟು ವಾರ್ಡ್ ಎಂಬ ಜಗಳ 2022ರಲ್ಲೂ 2023ರಲ್ಲೂ ಎದ್ದದ್ದು, ಎರಡು ಸಲ ಎರಡು ಪಕ್ಷಗಳು ಒಂದೇ ದೂರನ್ನು ಹೇಳಿದ್ದು ಇದೇ ಕಾರಣಕ್ಕೆ.

ಇದು ಬೆಂಗಳೂರಿಗಷ್ಟೇ ಅಂಟಿದ ರೋಗವೆಂದು ಕೆಲವರು ಬರೆದಿದ್ದಾರೆ, ಅದೂ ಸರಿಯಲ್ಲ. ಮುಂಬೈ ಪಾಲಿಕೆಯ 227 ಸ್ಥಾನಗಳನ್ನು ಅಲ್ಲಿನ ಒಂದು ಸರ್ಕಾರ ಜನಸಂಖ್ಯೆ ಹೆಚ್ಚಿದ ಕಾರಣ ಕೊಟ್ಟು 236ಕ್ಕೆ ಏರಿಸಿತು. 2022ರ ಆಗಸ್ಟಿನಲ್ಲಿ ಮುಂದಿನ ಸರ್ಕಾರ ಮತ್ತೆ 227ಕ್ಕೆ ಇಳಿಸಿತು. ಅಲ್ಲೂ ನಡುವೆ ಹೊಸ ಜನಗಣತಿ ನಡೆದಿರಲಿಲ್ಲ.

2025ರ 369ರ ಬಗ್ಗೆ ಒಂದು ವಿನಾಯಿತಿ ಕೊಡಬೇಕು. ನಗರವನ್ನು ಹಲವು ಪಾಲಿಕೆಗಳಾಗಿ ಒಡೆದು ಮೇಲೊಂದು ಪ್ರಾಧಿಕಾರ ಇಡುವ ಯೋಚನೆಗೆ ಬಿ.ಎಸ್. ಪಾಟೀಲ್, ಸಿದ್ದಯ್ಯ, ವಿ. ರವಿಚಂದರ್ ಅವರ ಸಮಿತಿಯ ದಶಕದ ಹಿಂದಿನ ಚಿಂತನೆಯ ಬೇರಿದೆ. ಪಶ್ಚಿಮಕ್ಕೆ 112, ಉತ್ತರ ಮತ್ತು ದಕ್ಷಿಣಕ್ಕೆ ತಲಾ 72, ಕೇಂದ್ರಕ್ಕೆ 63, ಪೂರ್ವಕ್ಕೆ 50 ಎಂಬ ಹಂಚಿಕೆಯನ್ನು ಹಿಂದಿನ ಮೂರರ ಜೊತೆ ಒಂದೇ ತಕ್ಕಡಿಯಲ್ಲಿ ತೂಗುವುದು ಪೂರ್ತಿ ನ್ಯಾಯವಲ್ಲ, ಏಕೆಂದರೆ ಇಲ್ಲಿ ಆಡಳಿತದ ರಚನೆಯೇ ಬೇರೆಯಾಯಿತು. ಚಿಕ್ಕ ವಾರ್ಡ್ ಜನರಿಗೆ ಹತ್ತಿರ ಎಂಬ ಮಾತಿನಲ್ಲೂ ಹುರುಳಿದೆ. ಆದರೆ ಅದು ಆಡಳಿತದ ವಾದ. ಅದನ್ನು ಜನಸಂಖ್ಯೆಯ ವಾದವೆಂದು ಮಂಡಿಸಿದಾಗ ನನ್ನ ಆಕ್ಷೇಪ ಶುರುವಾಗುತ್ತದೆ.

ಮುಂದಿನ ಪರೀಕ್ಷೆಗೆ ಬೇಕಾದ ಸಾಮಗ್ರಿ ದೂರವಿಲ್ಲ. 2027ರ ಜನಗಣತಿಗಾಗಿ 2025ರ ಡಿಸೆಂಬರ್ 31ರ ಆಡಳಿತ ಗಡಿಗಳನ್ನು ಸ್ಥಗಿತಗೊಳಿಸಲಾಗಿದೆ. ಅದಕ್ಕೆ ತಿಂಗಳೊಪ್ಪತ್ತಿನ ಮೊದಲಷ್ಟೇ 369ರ ಅಂತಿಮ ಪಟ್ಟಿ ಹೊರಬಂದಿತ್ತು. ಹೊಸ ಅಂಕಿ ಪ್ರಕಟವಾದ ದಿನ 243ಪಿ ವಿಧಿಯ ಅರ್ಥದಲ್ಲಿ 84,43,675 ಎಂಬ ಮೊತ್ತ ಹಳೆಯದಾಗುತ್ತದೆ. ಆಗ ಸಂಖ್ಯೆಯನ್ನು ಹಾಗೆಯೇ ಇಟ್ಟು ಗೆರೆ ಬದಲಿಸುತ್ತಾರೆಯೇ, ಗೆರೆಯ ನೋವು ತಪ್ಪಿಸಲು ಸಂಖ್ಯೆ ಬದಲಿಸುತ್ತಾರೆಯೇ ಎಂಬುದನ್ನು ಹೋಲಿಸಿ ನೋಡಲು ಸಂಶೋಧಕರ ಬಳಿ ಒಂದೇ ಪೂರ್ವನಿದರ್ಶನವಿರುತ್ತದೆ. 2020ರ ಜೂನ್ 23ರ ಆ ಅನುಸೂಚಿಯ 198 ಚಕ್ಕುಬಂದಿಗಳನ್ನು 2011ರ ಗಣತಿ ಬ್ಲಾಕ್‌ಗಳ ಮೇಲೆ ಒಂದೊಂದಾಗಿ ಇಟ್ಟು, ಒಳನಗರದ ಯಾವ ವಾರ್ಡ್ ಅಳಿಯಿತು, ಹೊರವಲಯದಲ್ಲಿ ಯಾವುದು ಹುಟ್ಟಿತು ಎಂಬ ಪಟ್ಟಿಯನ್ನು ಅಷ್ಟರೊಳಗೆ ಸಿದ್ಧಪಡಿಸಬೇಕು.